ಆಲ್ಟೆಕ್ 811 ಹಾರ್ನ್: ದನಿ ಮೂಗಿನಲ್ಲಿ ಬರುತ್ತಿದೆ, ಎಲ್ಲಿಂದ ಸರಿಮಾಡಲಿ?

ಮೈಸೂರು ರಸಿಕ:
ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ವಾಪಸ್ ಬಂದ ನಮ್ಮ ಭಾವ ಒಂದು ಜೊತೆ ಆಲ್ಟೆಕ್ 811 ಹಾರ್ನ್ (ಮೇಲಿನ ಸ್ವರಗಳಿಗೆ ಬಳಸುವ ಲೋಹದ ಕಹಳೆಯಂಥ ಸ್ಪೀಕರ್ ಬಾಯಿ) ಕೊಟ್ಟರು, ಹಿಂದೆ ಕೂತು ಸದ್ದು ಹುಟ್ಟಿಸುವ ಡ್ರೈವರ್ ಸಮೇತ. ಕೆಳಗಿನ ಪೆಟ್ಟಿಗೆಯನ್ನು ಇಲ್ಲಿಯ ಬಡಗಿಯಿಂದ ಮಾಡಿಸಿದೆ. ಕೆಳಗಿನ ಸ್ವರಕ್ಕೆ 15 ಇಂಚಿನ ವೂಫರ್, ಸದ್ದನ್ನು ವೂಫರಿಗೂ ಹಾರ್ನಿಗೂ ಹಂಚುವ ಕ್ರಾಸೋವರ್ 800 ಹರ್ಟ್ಸ್, 300ಬಿ ವಾಲ್ವ್ ಆಂಪ್, 8 ವ್ಯಾಟ್. ಕೋಣೆ 12 ಅಡಿಗೆ 14 ಅಡಿ, ಕೂರುವುದು ಸ್ಪೀಕರಿನಿಂದ 9 ಅಡಿಯಲ್ಲಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಹಾಡುವವರು ಎದುರಿಗೇ ಕೂತಂತೆ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಗೂಬಾಯಿ ಹಾನಗಲ್ ಅವರು ತಾರಕ್ಕೆ ಹೋದರೆ ದನಿ ಮೂಗಿನಿಂದ ಬಂದ ಹಾಗೆ ಕೇಳುತ್ತದೆ. ಚೌಡಯ್ಯನವರ ಪಿಟೀಲು ಕಿವಿ ಚುಚ್ಚುತ್ತದೆ. ಹಾರ್ನ್ ಮೇಲೆ ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಮೊಳಗುತ್ತದೆ. ಎಲ್ಲಿಂದ ಶುರು ಮಾಡಲಿ?

ಎಂಟು ವ್ಯಾಟ್:
ಮೊದಲು ಹಾರ್ನಿನ ಮಟ್ಟ ಇಳಿಸಿ ಸರ್. ಹಾರ್ನಿಗೆ ಹಾಕಿದ ಡ್ರೈವರ್ 1 ವ್ಯಾಟಿಗೆ 105 ಡೆಸಿಬಲ್‌ಗಿಂತ ಜಾಸ್ತಿ ಕೊಡುತ್ತದೆ. ನಿಮ್ಮ ವೂಫರ್ 97-98 ಇದ್ದರೆ ಹೆಚ್ಚು. ಅಂದರೆ 8-10 ಡೆಸಿಬಲ್ ಕಡಿತ ಬೇಕೇ ಬೇಕು. ಹಾರ್ನಿನ ಮಟ್ಟ ಇಳಿಸುವ ಎಲ್-ಪ್ಯಾಡ್ ಹಾಕಿದ್ದೀರಾ? ಇಲ್ಲದಿದ್ದರೆ ಪಿಟೀಲು ಚುಚ್ಚದೆ ಇನ್ನೇನು ಮಾಡುತ್ತೆ?

ತುಂಗಾ ತೀರ:
"ಗಂಟೆಯ ಹಾಗೆ ಮೊಳಗುತ್ತದೆ" ಅಂತ ನೀವೇ ಹೇಳಿದ್ದೀರಿ. ರೋಗ ಅಲ್ಲೇ ಇದೆ. 811 ಈ ಮೊಳಗುವಿಕೆಗೆ ಹೆಸರುವಾಸಿ. ಕಾರಿನ ಬಾಗಿಲಿಗೆ ಅಂಟಿಸುವ ಬಿಟುಮೆನ್ ಶೀಟ್ ತಂದು ಹಾರ್ನಿನ ಹೊರಮೈಗೆ ಪೂರ್ತಿ ಅಂಟಿಸಿ. ನಾನು ಮಾಡಿಸಿದ್ದೇನೆ. ಮೂಗಿನ ದನಿ ಅರ್ಧಕ್ಕರ್ಧ ಹೋಯಿತು.

ಅಳತೆಗೋಲು:
"ಅರ್ಧಕ್ಕರ್ಧ" ಯಾವುದರಿಂದ ಅಳೆದಿರಿ? ಬೆರಳಿನಿಂದ ತಟ್ಟಿದಾಗ ಮೊಳಗುವುದು ಬೇರೆ, ಹಾಡು ನುಡಿಸುವಾಗ ಮೊಳಗುವುದು ಬೇರೆ. ಬೆರಳು ಲೋಹಕ್ಕೆ ನೇರವಾಗಿ ಬಡಿಯುತ್ತದೆ. ಹಾಡುವಾಗ ಒಳಗಿನ ಗಾಳಿಯ ಒತ್ತಡ ಮಾತ್ರ ಲೋಹವನ್ನು ತಳ್ಳುವುದು. ಅದು ತೀರಾ ಕಡಿಮೆ. ನನ್ನ ಹಾರ್ನಿಗೆ ಶೀಟ್ ಅಂಟಿಸುವ ಮುಂಚೆ, ಅಂಟಿಸಿದ ಮೇಲೆ, ಎರಡು ಸಲ ಮೈಕ್ ಇಟ್ಟು ಅಳೆದೆ. ಗ್ರಾಫ್ ಒಂದರ ಮೇಲೊಂದು ಕೂತಿತು.

ತುಂಗಾ ತೀರ:
"ಗಾಳಿಯ ಒತ್ತಡ ಮಾತ್ರ" ಅಂತೀರಿ. ಡ್ರೈವರ್ ಹಾರ್ನಿನ ಕುತ್ತಿಗೆಗೆ ಬೋಲ್ಟ್ ಹಾಕಿ ಕೂರಿಸಿದೆ ಸ್ವಾಮಿ. ಡ್ರೈವರ್ ಒಳಗೆ ಅಲುಗುವ ತೆಳು ಪೊರೆ, ಅಂದರೆ ಡಯಾಫ್ರಮ್, ಮುಂದೆ ಹೋದಾಗ ಮ್ಯಾಗ್ನೆಟ್ ಹಿಂದೆ ತಳ್ಳುತ್ತದೆ. ಆ ನಡುಕ ಲೋಹಕ್ಕೆ ನೇರವಾಗಿ ಹೋಗುತ್ತದೆ. ಹಾಡು ನಡೆಯುವಾಗ ಹಾರ್ನಿನ ಮೇಲೆ ಕೈ ಇಟ್ಟು ನೋಡಿ, ತಿಳಿಯುತ್ತೆ.

ಹುಬ್ಬಳ್ಳಿ ಮೈಕ್ ಸೆಟ್:
ರಸಿಕ ಅವರೇ, ಶೀಟ್ ಗೀಟ್ ಆಮೇಲೆ. ನಮ್ಮ ತಂದೆಯ ಕಾಲದಿಂದ ಮದುವೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇವೆ. ಹಾರ್ನ್ ಮೂಗಿನಲ್ಲಿ ಮಾತಾಡಿದರೆ ನಾವು ಮೊದಲು ಬಿಚ್ಚಿ ನೋಡುವುದು ಡಯಾಫ್ರಮ್. ಅದರ ತಂತಿ ಸುರುಳಿ ನಡುವೆ ಕೂತಿರದೆ ಒಂದು ಬದಿಗೆ ಉಜ್ಜುತ್ತಿದ್ದರೆ ದನಿ ಕೆಡುತ್ತೆ. ಎರಡೂ ಡ್ರೈವರ್ ಅದಲು ಬದಲು ಮಾಡಿ. ದೋಷ ಡ್ರೈವರ್ ಹಿಂದೆಯೇ ಹೋದರೆ ಡಯಾಫ್ರಮ್ ದೋಷ.

ಅಳತೆಗೋಲು:
ತುಂಗಾ ತೀರ, "ಕೈ ಇಟ್ಟು ನೋಡಿ" ಅನ್ನುವುದು ಅಳತೆಯಲ್ಲ. ಕೈಗೆ ನಡುಕ ತಿಳಿಯಿತು ಅಂದ ಮಾತ್ರಕ್ಕೆ ಕಿವಿಗೆ ಸದ್ದು ಬಂತು ಅಂತಲ್ಲ. ಈ ಹಾರ್ನನ್ನು ಆಲ್ಟೆಕ್ ಕಂಪನಿ ತನ್ನ ವಾಯ್ಸ್ ಆಫ್ ದಿ ಥಿಯೇಟರ್ ಎ7 ಸ್ಪೀಕರಿನಲ್ಲಿ ಹಾಕಿ ಮಾರಿತು. ಶೀಟ್ ಇಲ್ಲದೆ. ಅದು ಬೇಕಾಗಿದ್ದರೆ ಅವರೇ ಹಾಕುತ್ತಿದ್ದರು ಅಲ್ವಾ?

ನ್ಯೂಜೆರ್ಸಿ ಕನ್ನಡಿಗ:
"ಅವರೇ ಹಾಕುತ್ತಿದ್ದರು" ಅಂದಿರಲ್ಲ, ಹಾಕಿದ್ದಾರೆ! ಅದೇ ಕಂಪನಿಯ ಮಲ್ಟಿಸೆಲ್, ಅಂದರೆ ಹಲವು ಗೂಡುಗಳ ಹಾರ್ನ್ ನೋಡಿ. ಗೂಡುಗಳ ಹೊರಮೈಗೆ ದಪ್ಪನೆಯ ಟಾರ್ ಬಳಿದಿರುತ್ತಾರೆ. ನಾನು ಇಲ್ಲಿ ಒಂದು ಜೊತೆ ಹೊತ್ತು ನೋಡಿದ್ದೇನೆ, ಬೆನ್ನು ಬಿದ್ದು ಹೋಗುವಷ್ಟು ಭಾರ. ಲೋಹ ಮೊಳಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಟಾರ್.

ಅಳತೆಗೋಲು:
ಮಲ್ಟಿಸೆಲ್ ಬೇರೆ, 811 ಬೇರೆ. ಅದು ತೆಳು ತಗಡನ್ನು ಮಡಿಸಿ ಜೋಡಿಸಿದ ಗೂಡು. ಸುಮ್ನೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ತುಂಗಾ ತೀರ:
ಈಗ "ಬೇರೆ ಬೇರೆ" ಆಯಿತಾ? ಐದು ನಿಮಿಷದ ಹಿಂದೆ ಕಂಪನಿ ಹಾಕಲಿಲ್ಲ ಅಂತ ನೀವೇ ಸಾಕ್ಷಿ ತಂದಿರಿ. ಹಾಕಿದ್ದು ತೋರಿಸಿದ ಕೂಡಲೇ ಆ ಸಾಕ್ಷಿ ಬೇಡವಾಯಿತು. ಇನ್ನೊಂದು ಮಾತು. ಎ7 ಸಿನೆಮಾ ಮಂದಿರದ ಸ್ಪೀಕರ್. ಅದನ್ನು ಕೇಳುವವರು ಪರದೆಯಿಂದ 50-60 ಅಡಿ ದೂರ ಕೂರುತ್ತಿದ್ದರು. ರಸಿಕ ಅವರು 9 ಅಡಿಯಲ್ಲಿ ಕೂರುತ್ತಾರೆ. ಅಲ್ಲಿ ಕೇಳದ ಸಣ್ಣ ಮೊಳಗು ಇಲ್ಲಿ ಕೇಳುತ್ತದೆ.

ಎಂಟು ವ್ಯಾಟ್:
"9 ಅಡಿಯಲ್ಲಿ ಕೂರುತ್ತಾರೆ", ಅದೇ ನಾನು ಹೇಳಬೇಕು ಅಂದುಕೊಂಡದ್ದು. ಅಷ್ಟು ಹತ್ತಿರ ಕೂತಾಗ ಹಾರ್ನ್ ಮತ್ತು ವೂಫರ್ ಎರಡು ಬೇರೆ ಬೇರೆ ಕಡೆಯಿಂದ ಬಂದಂತೆ ಕೇಳುತ್ತವೆ. 800 ಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 43 ಸೆಂ.ಮೀ. ಹಾರ್ನಿನ ಡಯಾಫ್ರಮ್ ವೂಫರಿಗಿಂತ 21 ಸೆಂ.ಮೀ. ಹಿಂದೆ ಇದ್ದರೆ ಅರ್ಧ ಅಲೆ ತಪ್ಪಿತು. ಎರಡೂ ಒಂದನ್ನೊಂದು ಕೊಲ್ಲುತ್ತವೆ. ಗಾಯಕಿಯ ದನಿಯ ನಡುಭಾಗವೇ ಅಲ್ಲಿ ಖಾಲಿಯಾಗುತ್ತದೆ, ಉಳಿದದ್ದು ಮೂಗು. ಹಾರ್ನ್ ಪೆಟ್ಟಿಗೆಯ ಮೇಲೆ ಬಿಡಿಯಾಗಿ ಇದೆ ಅಲ್ವಾ? ಹಿಂದೆ ಮುಂದೆ ಸರಿಸಬಹುದು. 800 ಹರ್ಟ್ಸ್ ಟೋನ್ ಹಾಕಿ. ಆಂಪ್ ಆಫ್ ಮಾಡಿ ಒಂದು ಹಾರ್ನಿನ ತಂತಿ ಉಲ್ಟಾ ಮಾಡಿ, ಮತ್ತೆ ಆನ್ ಮಾಡಿ. ವಾಲ್ವ್ ಆಂಪ್ ಉರಿಯುತ್ತಿರುವಾಗ ತಂತಿ ಬಿಚ್ಚಬೇಡಿ, ಲೋಡ್ ಇಲ್ಲದೆ ಟ್ರಾನ್ಸ್‌ಫಾರ್ಮರಿಗೆ ಅಪಾಯ. ನೀವು ಕೂರುವ ಜಾಗದಲ್ಲಿ ಸದ್ದು ತೀರಾ ಕುಗ್ಗುವ ತನಕ ಒಬ್ಬರು ಹಾರ್ನ್ ಸರಿಸಲಿ. ಅಲ್ಲಿ ಗುರುತು ಹಾಕಿ. ಉಲ್ಟಾ ಇದ್ದಾಗ ತೀರಾ ಕುಗ್ಗುವ ಜಾಗವೇ ತಂತಿ ಸರಿಯಿದ್ದಾಗ ಎರಡೂ ಚೆನ್ನಾಗಿ ಕೂಡುವ ಜಾಗ. ಆಮೇಲೆ ತಂತಿ ಮೊದಲಿನ ಹಾಗೆ ಹಾಕಿ.

ಅಳತೆಗೋಲು:
ಟೈಲ್ಸ್ ನೆಲದ ಕೋಣೆಯಲ್ಲಿ ಒಂದೇ ಟೋನ್ ಹಾಕಿ ಕಿವಿಯಿಂದ ಕುಗ್ಗಿದ ಜಾಗ ಹುಡುಕುವುದು ಸರಿಯಲ್ಲ. ನೆಲದಿಂದ ಬಂದ ಪ್ರತಿಧ್ವನಿಯೂ ಕುಗ್ಗಿಸುತ್ತದೆ. ತಲೆ ಸ್ವಲ್ಪ ಆಡಿದರೂ ಬದಲಾಗುತ್ತೆ. ಒಂದು ಅಳತೆ ಮೈಕ್ ಕೊಳ್ಳಿ.

ಎಂಟು ವ್ಯಾಟ್:
"ಕಿವಿಯಿಂದ" ಅಂತ ಹೀಗಳೆಯಬೇಡಿ. ನೆಲಕ್ಕೆ ದಪ್ಪ ಜಮಖಾನೆ ಹಾಸಿ ಮಾಡಿದರೆ ಸಾಕು. ನಾನು ಹೀಗೇ ಮೂರು ಮನೆಯಲ್ಲಿ ಕೂರಿಸಿದ್ದೇನೆ.

ತುಂಗಾ ತೀರ:
ಅಳತೆಗೋಲು ಅವರಿಗೆ ಮೈಕ್ ಬಿಟ್ಟರೆ ಜಗತ್ತೇ ಇಲ್ಲ. ನಿಮ್ಮ ಗ್ರಾಫ್ ಒಂದರ ಮೇಲೊಂದು ಕೂತಿತು ಅಂದಿರಿ. ಅದು ಯಾವ ಗ್ರಾಫ್? ಬರೀ ಮಟ್ಟದ ಗ್ರಾಫೋ, ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವ ಗ್ರಾಫೋ? ಮೊಳಗು ಕಾಣುವುದು ಎರಡನೆಯದರಲ್ಲಿ.

ಅಳತೆಗೋಲು:
ಮಟ್ಟದ್ದು. ಮೊಳಗು ಜೋರಾಗಿದ್ದರೆ ಮಟ್ಟದಲ್ಲೂ ಕಾಣಲೇಬೇಕು.

ತುಂಗಾ ತೀರ:
"ಜೋರಾಗಿದ್ದರೆ"! ಈ "ಜೋರಾಗಿದ್ದರೆ" ಎಲ್ಲಿಂದ ಬಂತು? ತಂಬೂರಿ ಮೀಟಿ ಕೈ ತೆಗೆದ ಮೇಲೆ ಉಳಿಯುವ ನಾದ ಮೊದಲ ಮೀಟಿನಷ್ಟು ಜೋರಿರುತ್ತದಾ? ಆದರೂ ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಅರ್ಧ ಅಳತೆ ಮಾಡಿ ಊರಿಗೆಲ್ಲ ಪಾಠ ಹೇಳುತ್ತೀರಿ. ನನಗೆ ಸಿಟ್ಟು ಬರುವುದು ಇದಕ್ಕೇ.

ಅಳತೆಗೋಲು:
ಸಿಟ್ಟಿನಿಂದ ಭೌತಶಾಸ್ತ್ರ ಬದಲಾಗಲ್ಲ. ತಂಬೂರಿ ನಾದ ಉಳಿಯಲಿ ಅಂತಲೇ ಮಾಡಿದ ವಾದ್ಯ.

ನ್ಯೂಜೆರ್ಸಿ ಕನ್ನಡಿಗ:
ಅದನ್ನೇ ತಾನೇ ಅವರು ಹೇಳುತ್ತಿರುವುದು. ಹಾರ್ನ್ ವಾದ್ಯ ಆಗಬಾರದು.

ಹುಬ್ಬಳ್ಳಿ ಮೈಕ್ ಸೆಟ್:
ಇಬ್ಬರೂ ಸ್ವಲ್ಪ ಸಮಾಧಾನ. ರಸಿಕ ಅವರೇ, ಹಾರ್ನಿನ ಬಾಯಿ ಎಲ್ಲಿಗೆ ತಿರುಗಿದೆ? ನೇರ ನಿಮ್ಮ ಮುಖಕ್ಕಿದ್ದರೆ ಸ್ವಲ್ಪ ಜಾಸ್ತಿ ಒಳಕ್ಕೆ ತಿರುಗಿಸಿ. ಎರಡೂ ಹಾರ್ನಿನ ಗೆರೆ ನಿಮ್ಮ ಮುಂದೆ ಒಂದೆರಡು ಅಡಿಯಲ್ಲಿ ಕೂಡಬೇಕು. ಆಗ ಪಕ್ಕದ ಗೋಡೆಗೆ ಬಡಿಯುವುದು ಕಡಿಮೆ, ಚುಚ್ಚುವುದೂ ಕಡಿಮೆ. ಬಾಯಿ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ.

ಮೈಸೂರು ರಸಿಕ:
ಎಲ್ಲರಿಗೂ ಧನ್ಯವಾದ. ಎರಡು ಭಾನುವಾರ ಇದಕ್ಕೇ ಹೋಯಿತು. ಡ್ರೈವರ್ ಅದಲು ಬದಲು ಮಾಡಿದೆ, ವ್ಯತ್ಯಾಸ ಇಲ್ಲ. ಎಲ್-ಪ್ಯಾಡ್‌ನಲ್ಲಿ ಹಾರ್ನ್ ಇಳಿಸಿದೆ, ಪಿಟೀಲು ಸಲೀಸಾಗಿ ಬಂತು. ಜಮಖಾನೆ ಹಾಸಿ, ಮಗಳ ಕೈಯಿಂದ ಹಾರ್ನ್ ಸರಿಸಿ ನೋಡಿದೆ. 14 ಸೆಂ.ಮೀ. ಮುಂದೆ ಬಂದಾಗ ಸದ್ದು ಚೆನ್ನಾಗಿ ಕುಗ್ಗಿತು. ತಂತಿ ಸರಿ ಮಾಡಿ ಕೇಳಿದರೆ ಮೂಗಿನ ದನಿ ಮುಕ್ಕಾಲು ಪಾಲು ಇಲ್ಲ. ಗಂಗೂಬಾಯಿಯವರ ಆ ಗಡಸು ದನಿ ಎದೆಯಿಂದಲೇ ಬರುತ್ತಿದೆ. ಕೇಳುತ್ತಾ ನನಗೆ ಕಣ್ಣು ತುಂಬಿತು. ಆಮೇಲೆ ಎಡಗಡೆಯ ಹಾರ್ನಿಗೆ ಮಾತ್ರ ಶೀಟ್ ಅಂಟಿಸಿದೆ. ಎಡ ಈಗ ಸ್ವಲ್ಪ ತಿಳಿಯಾಗಿದೆ ಅನ್ನಿಸುತ್ತದೆ.

ಅಳತೆಗೋಲು:
"ಮುಕ್ಕಾಲು ಪಾಲು" ಸರಿಸಿದ್ದರಿಂದಲೇ ಹೋಯಿತು. ಶೀಟ್ ಅಂಟಿಸುವ ಮೊದಲೇ. ಗಮನಿಸಿ.

ತುಂಗಾ ತೀರ:
"ಎಡ ಈಗ ಸ್ವಲ್ಪ ತಿಳಿಯಾಗಿದೆ." ಗಮನಿಸಬೇಕಾದದ್ದು ಇದು. ಉಳಿದ ಕಾಲು ಪಾಲು ಲೋಹದ್ದು.

ಎಂಟು ವ್ಯಾಟ್:
ಕಿವಿಯಿಂದ 14 ಸೆಂ.ಮೀ. ಸಿಕ್ಕಿತು ನೋಡಿ. ಮೈಕ್ ಇಲ್ಲದೆ.

ಅಳತೆಗೋಲು:
ರಸಿಕ ಅವರೇ, ಕಿಟಕಿ ಇರುವ ಗೋಡೆ ಯಾವ ಕಡೆ?

ಮೈಸೂರು ರಸಿಕ:
ಬಲಗಡೆ. ಪೂರ್ತಿ ಗಾಜು.

ಅಳತೆಗೋಲು:
ಹಾಗಾದರೆ ಎಡ ತಿಳಿಯಾಗಿ ಕೇಳುವುದು ಗಾಜು ಇಲ್ಲದ ಕಾರಣಕ್ಕೂ ಇರಬಹುದು. ಎರಡೂ ಹಾರ್ನ್ ಜಾಗ ಬದಲಿಸಿ ಕೇಳಿ.

ತುಂಗಾ ತೀರ:
ಬದಲಿಸಿ. ಎರಡೂ ಕಡೆ ಒಂದೇ ಸದ್ದು ಬರುವ ಮೋನೋ ಹಾಡು ಹಾಕಿ. ಕಿಟಕಿಗೆ ಪರದೆ ಎಳೆದು ಒಂದು ಸಲ, ತೆಗೆದು ಒಂದು ಸಲ. ನಾನು ಶೀಟಿನ ಮಾತು ವಾಪಸ್ ತೆಗೆದುಕೊಂಡಿಲ್ಲ.

ಮೈಸೂರು ರಸಿಕ:
ಒಂದೊಂದು ಹಾರ್ನೂ ಭಾರ ಇದೆ, ಮಗಳು ಹಾಸ್ಟೆಲ್‌ಗೆ ಹೋದಳು. ಭಾವ ಬರುವ ಶನಿವಾರ ಬರುತ್ತಾರೆ. ಆಗ ಬದಲಿಸಿ ಬರೆಯುತ್ತೇನೆ.