ಕೆಲಸ ಬಿಟ್ಟು ಸ್ವಂತ ಸರ್ವಿಸ್ ಉದ್ಯಮ ಆರಂಭಿಸುವ ಮುನ್ನ ಯಾವ ಲೆಕ್ಕ ನೋಡಬೇಕು?

ಒತ್ತಡಮಾಪಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಗಳ ಏರ್ ಕಂಪ್ರೆಸರ್‌ಗಳನ್ನು ನಿರ್ವಹಿಸುವ, ದುರಸ್ತಿ ಮಾಡುವ ಸಂಸ್ಥೆಯೊಂದರಲ್ಲಿ ಬಹಳ ವರ್ಷಗಳಿಂದ ಸರ್ವಿಸ್ ಎಂಜಿನಿಯರ್ ಆಗಿದ್ದೇನೆ. ಗಾಳಿಯ ಜೊತೆಗೆ ಎಣ್ಣೆಯೂ ಹೊರಬರುತ್ತಿದ್ದರೆ ತಪ್ಪು ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಸೆಪರೇಟರ್‌ನಲ್ಲಿದೆಯೋ ಅಥವಾ ಎಣ್ಣೆಯನ್ನು ಹಿಂದಕ್ಕೆಳೆಯುವ ಸಣ್ಣ ಕೊಳವೆ ಕಟ್ಟಿಕೊಂಡಿದೆಯೋ ಎಂಬುದನ್ನು ಕಂಡುಹಿಡಿಯಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕೆಲಸದ ಬಗ್ಗೆ ನನಗೆ ಅಳುಕಿಲ್ಲ. ಅಳುಕಿರುವುದು ವ್ಯವಹಾರದ ಬಗ್ಗೆ.

ಒಂದು ವರ್ಷದ ಮನೆಖರ್ಚಿಗೆ ಸಾಲುವಷ್ಟು ಉಳಿತಾಯವಿದೆ. ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತದೆ, ಆದರೆ ಅದೊಂದರಿಂದಲೇ ಸಂಸಾರ ಸಾಗದು. ಕೆಲವು ಗ್ರಾಹಕರು ‘ನೀವು ಸ್ವಂತವಾಗಿ ಶುರು ಮಾಡಿದರೆ ನಮ್ಮ ಕೆಲಸ ನಿಮಗೇ’ ಎಂದು ಹೇಳುತ್ತಾ ಬಂದಿದ್ದಾರೆ. ಇಷ್ಟನ್ನು ನಂಬಿ ರಾಜೀನಾಮೆ ಕೊಡಬಹುದೇ? ಅಥವಾ ಕೆಲಸದಲ್ಲಿದ್ದುಕೊಂಡೇ ರಜಾ ದಿನಗಳಲ್ಲಿ ಆರಂಭಿಸುವುದು ಒಳ್ಳೆಯದೇ? ಗಂಟೆಗೆ ಎಷ್ಟು ದರ ಹೇಳಬೇಕೆಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿ.

ಖಾತೆಪುಸ್ತಕ (ಉತ್ತರ)

ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿಯಾದ್ದರಿಂದ ಹಣದ ಮಾತಿಗಷ್ಟೇ ಸೀಮಿತವಾಗಿ ಬರೆಯುತ್ತೇನೆ.

ಒಂದು ವರ್ಷದ ಮನೆಖರ್ಚು ಕೈಯಲ್ಲಿದೆ ಎಂದಿದ್ದೀರಿ. ಒಳ್ಳೆಯದೇ, ಆದರೆ ಅದು ಮನೆಯ ಹಣ. ದುಡಿಮೆ ಬಂಡವಾಳದ, ಅಂದರೆ ಗ್ರಾಹಕರ ಹಣ ಬರುವವರೆಗೆ ವ್ಯಾಪಾರ ನಡೆಸಲು ಬೇಕಾದ ಹಣದ ಪ್ರಸ್ತಾಪವೇ ನಿಮ್ಮ ಪ್ರಶ್ನೆಯಲ್ಲಿಲ್ಲ. ಇವೆರಡನ್ನೂ ಒಂದೇ ಖಾತೆಯಲ್ಲಿಟ್ಟವರಿಗೆ, ಕೈಯಲ್ಲಿ ತುಂಬಾ ಕೆಲಸವಿದ್ದೂ ಮನೆಗೆ ದುಡ್ಡಿಲ್ಲದ ಪರಿಸ್ಥಿತಿ ಕೆಲವೇ ತಿಂಗಳಲ್ಲಿ ಎದುರಾಗುತ್ತದೆ.

ಹೇಗೆಂದು ನೋಡಿ. ತಿಂಗಳಿಗೆ ನೂರು ಪಾಲಿನಷ್ಟು ಬಿಲ್ ಮಾಡುತ್ತೀರಿ ಎಂದುಕೊಳ್ಳೋಣ. ಅದರಲ್ಲಿ ಬಿಡಿಭಾಗ, ಎಣ್ಣೆ, ಓಡಾಟ ಎಲ್ಲಾ ಸೇರಿ ಅರವತ್ತು ಪಾಲು ನಿಮ್ಮ ಕೈಯಿಂದ ಆಗಲೇ ಹೋಗಿರುತ್ತದೆ, ಏಕೆಂದರೆ ಹೊಸಬರಿಗೆ ಬಿಡಿಭಾಗದ ಅಂಗಡಿಯವರು ಉದ್ರಿ ಕೊಡುವುದಿಲ್ಲ. ಗ್ರಾಹಕರು ಹಣ ಕೊಡುವುದು ಎರಡು ತಿಂಗಳ ನಂತರ. ಎರಡನೆಯ ತಿಂಗಳು ಮುಗಿಯುವಾಗ ನೂರಿಪ್ಪತ್ತು ಪಾಲು ಹೊರಗೆ ಹೋಗಿದೆ, ಒಳಗೆ ಏನೂ ಬಂದಿಲ್ಲ. ಮೂರನೆಯ ತಿಂಗಳು ಅದೃಷ್ಟ ಕುದುರಿ ಕೆಲಸ ಇಮ್ಮಡಿಯಾಯಿತು ಎನ್ನಿ: ಆ ತಿಂಗಳು ನೂರಿಪ್ಪತ್ತು ಹೊರಗೆ ಹೋಗಿ, ಮೊದಲ ತಿಂಗಳ ನೂರು ಒಳಗೆ ಬರುತ್ತದೆ. ಈಗ ಕಾಗದದ ಮೇಲೆ ನಾನೂರು ಪಾಲು ವ್ಯಾಪಾರ, ನೂರರವತ್ತು ಪಾಲು ಲಾಭ. ಕೈಯಲ್ಲಿ ಮಾತ್ರ ನೂರನಲವತ್ತು ಪಾಲು ಕೊರತೆ. ಇದರಲ್ಲಿ ಮನೆಖರ್ಚನ್ನು ನಾನಿನ್ನೂ ಸೇರಿಸಿಲ್ಲ. ವ್ಯಾಪಾರ ಬೆಳೆದಷ್ಟೂ ಈ ಕೊರತೆ ಮೊದಲು ಹಿಗ್ಗುತ್ತದೆ, ಆಮೇಲೆ ತಗ್ಗುತ್ತದೆ. ಆದ್ದರಿಂದ ನಿಮ್ಮ ಗ್ರಾಹಕರು ಕೆಲಸ ಕೊಡುತ್ತಾರೆಯೇ ಎಂಬುದಕ್ಕಿಂತ, ಬಿಲ್ ಕೊಟ್ಟ ಎಷ್ಟನೆಯ ದಿನ ಹಣ ಕೊಡುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಿಲ್‌ನೊಂದಿಗೆ ಮಾರಾಟದ ಮೇಲಿನ ತೆರಿಗೆಯನ್ನು ವಸೂಲು ಮಾಡುವುದಿದ್ದರೆ ಅದು ನಿಮ್ಮ ಹಣವಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿಡಿ.

ಇನ್ನು ದರದ ವಿಚಾರ. ಸಂಬಳವನ್ನು ತಿಂಗಳ ಗಂಟೆಗಳಿಂದ ಭಾಗಿಸಿ, ಸ್ವಲ್ಪ ಸೇರಿಸಿ ಹೇಳುವುದು ಸಾಮಾನ್ಯ ರೂಢಿ, ಆದರೆ ಆ ಲೆಕ್ಕ ನಿಲ್ಲುವುದಿಲ್ಲ. ಸ್ವಂತ ಉದ್ಯಮದಲ್ಲಿ ದುಡಿದ ಎಲ್ಲ ಗಂಟೆಗೂ ಬಿಲ್ ಮಾಡಲಾಗದು. ಕೊಟೇಶನ್ ಬರೆಯುವುದು, ಬಿಡಿಭಾಗ ತರಲು ಹೋಗುವುದು, ಬಾಕಿ ಹಣಕ್ಕಾಗಿ ಮತ್ತೆ ಮತ್ತೆ ಫೋನ್ ಮಾಡುವುದು, ಇವಕ್ಕೆಲ್ಲ ಯಾರೂ ಹಣ ಕೊಡುವುದಿಲ್ಲ. ಬಿಲ್ ಮಾಡಬಹುದಾದ ಗಂಟೆಗಳು ಅರ್ಧದಷ್ಟೇ ಎಂದು ಹಿಡಿದು ಲೆಕ್ಕ ಹಾಕಿ. ಅದಕ್ಕೆ ಈಗ ನಿಮ್ಮ ಸಂಸ್ಥೆಯೇ ಭರಿಸುತ್ತಿರುವ ವಿಮೆ, ಸಂಬಳಸಹಿತ ರಜೆ, ನಿವೃತ್ತಿ ನಿಧಿ, ಉಪಕರಣಗಳ ಸವಕಳಿ ಇವನ್ನೂ ಸೇರಿಸಿ. ಬರುವ ಸಂಖ್ಯೆ ನಿಮಗೇ ಗಾಬರಿ ಹುಟ್ಟಿಸುವಷ್ಟು ದೊಡ್ಡದಾಗಿರುತ್ತದೆ. ಅದೇ ಸರಿಯಾದ ದರ.

ಅಮೆರಿಕದ ಸ್ವಯಂ ಉದ್ಯೋಗಿಗಳ ವರಮಾನವನ್ನು ಪರಿಶೀಲಿಸಿ ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತು ವರ್ಷ ಉದ್ಯಮ ನಡೆಸಿದ ಮೇಲೂ ಮಧ್ಯಮ ಮಟ್ಟದ ಉದ್ಯಮಿಯ ಗಳಿಕೆ, ಅಷ್ಟೇ ಅವಧಿ ಸಂಬಳದ ಕೆಲಸದಲ್ಲಿದ್ದಿದ್ದರೆ ಸಿಗಬಹುದಾಗಿದ್ದುದಕ್ಕಿಂತ ಶೇ. 35ರಷ್ಟು ಕಡಿಮೆಯಿತ್ತು. ಆದರೂ ಜನ ಉದ್ಯಮ ಬಿಟ್ಟು ಹೋಗಲಿಲ್ಲ. ತಾನೇ ಯಜಮಾನನಾಗಿರುವುದಕ್ಕೆ ಅವರು ಅಷ್ಟು ಬೆಲೆ ಕಟ್ಟಿದ್ದರು ಎಂದು ತಿಳಿಯಬಹುದು. ನೀವೂ ಹಾಗೆ ಬೆಲೆ ಕಟ್ಟುವವರಾದರೆ ನನ್ನ ಆಕ್ಷೇಪವಿಲ್ಲ, ಆದರೆ ಆ ಬೆಲೆ ನಿಮ್ಮ ಮನೆಯವರಿಗೂ ಒಪ್ಪಿಗೆಯಾಗಬೇಕು.

ಎರಡು ಪಾಳಿ (ಉತ್ತರ)

ಮೇಲಿನ ಲೆಕ್ಕವನ್ನು ಪೂರ್ತಿ ಒಪ್ಪುತ್ತೇನೆ. ಆ ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು ಊಹೆಯಿಂದ ದೊರೆಯುವುದಿಲ್ಲವಾದ್ದರಿಂದ, ಸಂಬಳ ಬರುತ್ತಿರುವಾಗಲೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ತಿಳಿದುಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದಲ್ಲಿದ್ದುಕೊಂಡೇ ಉದ್ಯಮ ಆರಂಭಿಸಿ ನಂತರ ಪೂರ್ಣಾವಧಿಗೆ ಬಂದವರು ಸೋಲುವ ಸಾಧ್ಯತೆ, ನೇರವಾಗಿ ಕೆಲಸ ಬಿಟ್ಟು ಧುಮುಕಿದವರಿಗಿಂತ ಮೂರನೆಯ ಒಂದರಷ್ಟು ಕಡಿಮೆ ಎಂದು ಕಂಡುಬಂದಿದೆ. ಅವರೇನು ಹೆಚ್ಚು ಬುದ್ಧಿವಂತರಾಗಿದ್ದರು ಎಂದಲ್ಲ. ಸಾಗದ ಉದ್ಯಮವನ್ನು ರಾಜೀನಾಮೆಗೆ ಮೊದಲೇ ಕೈಬಿಡುವ ಅವಕಾಶ ಅವರಿಗಿತ್ತು. ದೊಡ್ಡ ಹೆಸರುಗಳಲ್ಲೂ ಇದಕ್ಕೆ ಉದಾಹರಣೆಗಳಿವೆ. 1976ರ ಏಪ್ರಿಲ್‌ನಲ್ಲಿ ಆಪಲ್ ಸ್ಥಾಪನೆಯಾದ ಮೇಲೂ ಸ್ಟೀವ್ ವಾಜ್ನಿಯಾಕ್ ಹ್ಯೂಲೆಟ್-ಪ್ಯಾಕರ್ಡ್‌ನ ಕೆಲಸವನ್ನು ಕೆಲವು ಕಾಲ ಬಿಟ್ಟಿರಲಿಲ್ಲ. ಮುಂದೆ ನೈಕಿ ಎನಿಸಿಕೊಂಡ ಕಂಪನಿಯನ್ನು 1964ರಲ್ಲಿ ಕಟ್ಟಿದ ಫಿಲ್ ನೈಟ್, ಅದರಿಂದ ಜೀವನ ಸಾಗುವವರೆಗೆ ಲೆಕ್ಕಪರಿಶೋಧಕನಾಗಿ, ಉಪನ್ಯಾಸಕನಾಗಿ ಸಂಬಳಕ್ಕೆ ದುಡಿಯುತ್ತಿದ್ದರು.

ನಿಮ್ಮ ಕಸುಬಿನಲ್ಲಿ ಒಂದು ತೊಡಕಿದೆ. ಯಂತ್ರ ಕೆಡುವುದು ಕಾರ್ಖಾನೆ ನಡೆಯುವಾಗ. ಅಂದರೆ ನೀವು ಡ್ಯೂಟಿಯಲ್ಲಿರುವಾಗ. ಹಾಗಾಗಿ ತುರ್ತು ದುರಸ್ತಿಯನ್ನು ರಜಾ ದಿನದ ಕೆಲಸವಾಗಿ ಮಾಡಲಾಗದು. ಅದರ ಬದಲು ಗಾಳಿ ಸೋರಿಕೆಯ ಪರೀಕ್ಷೆಯಿಂದ ಆರಂಭಿಸಬಹುದಲ್ಲವೇ? ಕಂಪ್ರೆಸರ್ ಉತ್ಪಾದಿಸುವ ಗಾಳಿಯಲ್ಲಿ ಕೆಲವೊಮ್ಮೆ ಶೇ. 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಇದನ್ನು ಅಳೆಯಲು ಅನುಕೂಲವಾದ ಸಮಯವೇ ಕಾರ್ಖಾನೆಯ ವಾರದ ರಜೆ. ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಚಾಲೂ ಮಾಡಿ, ಎಷ್ಟು ಹೊತ್ತು ಲೋಡ್‌ನಲ್ಲಿ (ಗಾಳಿ ತುಂಬುತ್ತಾ), ಎಷ್ಟು ಹೊತ್ತು ಅನ್‌ಲೋಡ್‌ನಲ್ಲಿ (ಗಾಳಿ ತುಂಬದೆ ಸುಮ್ಮನೆ) ಓಡುತ್ತದೆ ಎಂದು ಗಡಿಯಾರ ಹಿಡಿದು ಬರೆದುಕೊಂಡರಾಯಿತು. ಎರಡು ನಿಮಿಷ ಲೋಡ್, ಎಂಟು ನಿಮಿಷ ಅನ್‌ಲೋಡ್ ಎಂದಾದರೆ ಸಾಮರ್ಥ್ಯದ ಐದರಲ್ಲಿ ಒಂದು ಪಾಲು ಸೋರಿ ಹೋಗುತ್ತಿದೆ ಎಂದರ್ಥ. ಇದಕ್ಕೆ ಬಿಡಿಭಾಗದ ದಾಸ್ತಾನು ಬೇಕಿಲ್ಲ, ದುಡಿಮೆ ಬಂಡವಾಳವೂ ಹೆಚ್ಚು ಬೇಕಿಲ್ಲ. ವರದಿ ಕೊಟ್ಟು, ಬಿಲ್ ಕೊಟ್ಟು, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂದು ನೋಡಿ. ಕೆಲಸ ಬಿಡದೆಯೇ ನಿಮಗೆ ಬೇಕಾದ ಉತ್ತರ ಸಿಗುತ್ತದೆ.

ಕರಾರುಪತ್ರ (ಉತ್ತರ)

ಇಲ್ಲಿ ನನ್ನದೊಂದು ತಕರಾರಿದೆ. ಕೆಲಸದಲ್ಲಿದ್ದುಕೊಂಡೇ ಆರಂಭಿಸಿ ಎಂದು ಸಲಹೆ ನೀಡುವ ಮೊದಲು ಅವರ ನೇಮಕಾತಿ ಪತ್ರದಲ್ಲಿ ಏನಿದೆ ಎಂದು ಕೇಳಬೇಕಿತ್ತು. ಬಿಟ್ಟುಹೋದ ಮೇಲೆ ಇಂತಿಷ್ಟು ಕಾಲ ಅದೇ ವ್ಯಾಪಾರ ಮಾಡಬಾರದೆಂಬ ಷರತ್ತಿಗೆ ಎಲ್ಲೆಡೆ ಒಂದೇ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಬಹುಮಟ್ಟಿಗೆ ಅನೂರ್ಜಿತ. ಭಾರತದಲ್ಲಿ 1872ರ ಕರಾರು ಅಧಿನಿಯಮದ 27ನೇ ಕಲಮು ವ್ಯಾಪಾರಕ್ಕೆ ಅಡ್ಡಿಪಡಿಸುವ ಕರಾರನ್ನು ಶೂನ್ಯವೆಂದು ಸಾರುತ್ತದೆ. ಮಿತಿಯೊಳಗಿದ್ದರೆ ಅದನ್ನು ಎತ್ತಿಹಿಡಿಯುವ ದೇಶಗಳೂ ಇವೆ. ಆದರೆ ಇದೆಲ್ಲ ಕೆಲಸ ಬಿಟ್ಟ ನಂತರದ ಮಾತು. ಸಂಬಳ ಪಡೆಯುತ್ತಿರುವಾಗಲೇ ಅದೇ ಸಂಸ್ಥೆಯ ಗ್ರಾಹಕರಿಗೆ ಅದೇ ಸೇವೆ ಮಾರುವುದು, ಅಥವಾ ಗ್ರಾಹಕರ ಪಟ್ಟಿಯನ್ನು ನಕಲು ಮಾಡಿಕೊಳ್ಳುವುದು ಬೇರೆಯೇ ವಿಷಯ. ಅದಕ್ಕೆ ಎಲ್ಲಿಯೂ ರಕ್ಷಣೆ ಸಿಗುವುದು ಕಷ್ಟ. ಸೋರಿಕೆ ಪರೀಕ್ಷೆಯನ್ನು ನಿಮ್ಮ ಸಂಸ್ಥೆಯೂ ಮಾಡುತ್ತಿದ್ದರೆ ಅದೂ ಸ್ಪರ್ಧೆಯೇ. ಬರವಣಿಗೆಯಲ್ಲಿ ಅನುಮತಿ ಕೇಳಿ. ಸಿಗದಿದ್ದರೆ ಆ ದಾರಿ ಬಿಡಿ.

ಕಾನೂನಿಗಿಂತಲೂ ದೊಡ್ಡ ಪ್ರಶ್ನೆ ಇನ್ನೊಂದಿದೆ. ಇಂದು ನಿಮ್ಮ ಕೈಯಲ್ಲಿರುವ ಸಾಮರ್ಥ್ಯದಲ್ಲಿ ನಿಮ್ಮದೆಷ್ಟು, ಸಂಸ್ಥೆಯದೆಷ್ಟು? ಕಂಟ್ರೋಲರ್ ಒಳಗಿನ ಸರ್ವಿಸ್ ಮೆನು ತೆರೆಯುವ ಪಾಸ್‌ವರ್ಡ್, ತಯಾರಕರ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್, ಬಿಡಿಭಾಗದ ಮೇಲಿನ ಡೀಲರ್ ರಿಯಾಯಿತಿ, ಅರ್ಥವಾಗದ ದೋಷಕ್ಕೆ ಫೋನ್ ಮಾಡಿ ಕೇಳಬಹುದಾದ ತಜ್ಞರ ನಂಬರು, ಇವೆಲ್ಲ ರಾಜೀನಾಮೆಯ ದಿನವೇ ಹೋಗುತ್ತವೆ. ಉಳಿಯುವುದು ನಿಮ್ಮ ಕಣ್ಣು, ಕಿವಿ, ಕೈ. ಅಷ್ಟರಿಂದಲೇ ಯಾವ ಮಾಡೆಲ್‌ಗಳನ್ನು ಪೂರ್ತಿಯಾಗಿ ನೋಡಿಕೊಳ್ಳಬಲ್ಲಿರಿ ಎಂದು ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ನಿಜವಾದ ಮಾರುಕಟ್ಟೆ.

‘ನಮ್ಮ ಕೆಲಸ ನಿಮಗೇ’ ಎಂದವರು ಯಾರು ಎಂಬುದನ್ನೂ ಯೋಚಿಸಿ. ಹಾಗೆ ಹೇಳುವುದು ಸಾಮಾನ್ಯವಾಗಿ ಮೆಂಟೆನೆನ್ಸ್ ವಿಭಾಗದವರು. ಆರ್ಡರ್ ಕೊಡುವುದು ಖರೀದಿ ವಿಭಾಗ, ಹಣ ಬಿಡುಗಡೆ ಮಾಡುವುದು ಅಕೌಂಟ್ಸ್ ವಿಭಾಗ. ಅವರ ಪ್ರೀತಿ ನಿಜವೇ ಇರಬಹುದು, ಆದರೆ ಅವರ ಸಹಿಗೆ ಅಷ್ಟು ಅಧಿಕಾರವಿಲ್ಲ. ಹೊಸ ವೆಂಡರ್ ಆಗಿ ನೋಂದಾಯಿಸಿಕೊಳ್ಳಲು ಏನೇನು ದಾಖಲೆ ಬೇಕು, ಎಷ್ಟು ಕಾಲ ಹಿಡಿಯುತ್ತದೆ, ಇಂತಿಷ್ಟು ವರ್ಷ ಹಳೆಯ ಸಂಸ್ಥೆಯೇ ಆಗಿರಬೇಕೆಂಬ ನಿಯಮವಿದೆಯೇ ಎಂದು ವಿಚಾರಿಸಿದರೆ ಅರ್ಧ ಭರವಸೆಗಳ ಬಣ್ಣ ಅಲ್ಲೇ ಬಯಲಾಗುತ್ತದೆ.

ಬ್ಯಾಂಕಿನ ಬಗ್ಗೆ ಒಂದೇ ಮಾತು: ಕಂಪನಿಯ ಹೊಣೆ ಸೀಮಿತ ಎಂದು ಧೈರ್ಯದಿಂದಿದ್ದು, ಸಾಲದ ಪತ್ರದಲ್ಲಿ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದರೆ ಆ ಮಿತಿ ನಿಮ್ಮ ಪಾಲಿಗೆ ಇರುವುದಿಲ್ಲ.

ಒತ್ತಡಮಾಪಕ (ಪ್ರಶ್ನೆ ಕೇಳಿದವರು)

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನೇಮಕಾತಿ ಪತ್ರ ತೆಗೆದು ನೋಡಿದೆ; ಕೆಲಸದಲ್ಲಿರುವಾಗ ಬೇರೆ ವೃತ್ತಿ ಮಾಡಬಾರದೆಂದು ಸ್ಪಷ್ಟವಾಗಿಯೇ ಇದೆ. ಅನುಮತಿ ಕೇಳುವ ಧೈರ್ಯ ಮಾಡುತ್ತೇನೆ. ಮಾಡೆಲ್‌ಗಳ ಪಟ್ಟಿಯೂ ಆಯಿತು. ಹಳೆಯ, ಸರಳ ಕಂಟ್ರೋಲರ್ ಇರುವ ಯಂತ್ರಗಳೇ ಅದರಲ್ಲಿ ಹೆಚ್ಚು, ಹೊಸವು ಬಹಳ ಕಡಿಮೆ.

ಈ ನಡುವೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಸಂಸ್ಥೆಯ ಗ್ರಾಹಕರಲ್ಲದ ಒಂದು ದೊಡ್ಡ ಕಾರ್ಖಾನೆಯವರು ವಾರ್ಷಿಕ ನಿರ್ವಹಣೆಯ ಗುತ್ತಿಗೆಗೆ ಹೊಸಬರನ್ನು ಹುಡುಕುತ್ತಿದ್ದಾರೆ. ಅದು ಸಿಕ್ಕರೆ ನನ್ನ ಅಂದಾಜಿನ ಮೊದಲ ವರ್ಷದ ವ್ಯಾಪಾರದಲ್ಲಿ ಅರ್ಧಕ್ಕೂ ಹೆಚ್ಚು ಅದರಿಂದಲೇ ಬರುತ್ತದೆ. ಆದರೆ ಹಣ ಕೊಡುವುದು ಬಿಲ್ ಆದ 90 ದಿನಗಳಿಗೆ, ಬಿಡಿಭಾಗವೂ ನಮ್ಮದೇ. ಒಪ್ಪಿಕೊಳ್ಳಬಹುದೇ?

ಖಾತೆಪುಸ್ತಕ (ಉತ್ತರ)

ಈಗಿರುವ ರೂಪದಲ್ಲಿ ಬೇಡ. ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಒಬ್ಬರಿಂದಲೇ ಬಂದರೆ ನೀವು ಮತ್ತೆ ಒಬ್ಬ ಯಜಮಾನರ ಕೈಕೆಳಗೇ ಇರುತ್ತೀರಿ, ತಿಂಗಳ ಸಂಬಳವೊಂದಿರುವುದಿಲ್ಲ. ಆದರೂ ಗುತ್ತಿಗೆಯನ್ನು ತಿರಸ್ಕರಿಸುವ ಮೊದಲು ಷರತ್ತು ಬದಲಾಯಿಸಲು ಕೇಳಿ. ನಿರ್ವಹಣೆಯ ಶುಲ್ಕವನ್ನು ಮೂರು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಬಿಲ್ ಮಾಡುತ್ತೇನೆ ಎನ್ನಿ. ಆಗ ಅವರು 90 ದಿನ ಹಿಡಿದರೂ ಹಣ ಆ ಅವಧಿ ಮುಗಿಯುವಷ್ಟರಲ್ಲಿ ಬಂದಿರುತ್ತದೆ. ಸೆಪರೇಟರ್, ಎಣ್ಣೆ, ಬೇರಿಂಗ್ ಕಿಟ್‌ಗಳನ್ನು ಕಾರ್ಖಾನೆಯವರೇ ನೇರವಾಗಿ ಕೊಂಡುಕೊಳ್ಳಲಿ, ಯಾವುದು ಬೇಕೆಂದು ನೀವು ಬರೆದುಕೊಡಿ. ಬಿಡಿಭಾಗದ ಮೇಲಿನ ಲಾಭ ಕೈತಪ್ಪುತ್ತದೆ ನಿಜ, ಆದರೆ ಮೊದಲ ವರ್ಷ ನಿಮಗೆ ಲಾಭಕ್ಕಿಂತ ನಗದು ಮುಖ್ಯ. ದೊಡ್ಡ ಸಂಸ್ಥೆಗಳಿಗೆ ಈ ಎರಡನೆಯ ಷರತ್ತು ಸಾಮಾನ್ಯವಾಗಿ ಭಾರವೆನಿಸುವುದಿಲ್ಲ. ಬಿಲ್ ಅಡವಿಟ್ಟು ಮುಂಗಡ ಪಡೆಯುವ ಏರ್ಪಾಡುಗಳೂ ಇವೆ. ಅದರ ವೆಚ್ಚ ನಿಮ್ಮ ದರದಲ್ಲೇ ಸೇರಿರಬೇಕು, ಮತ್ತು ಗ್ರಾಹಕರು ಕೊಡದಿದ್ದರೆ ಮರಳಿ ನಿಮ್ಮಿಂದಲೇ ವಸೂಲು ಮಾಡುತ್ತಾರೆಯೇ ಎಂದು ಓದಿ ನೋಡಿ.

ರಾಜೀನಾಮೆಗೆ ಮೊದಲೇ ಇನ್ನೊಂದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಿ: ಉಳಿತಾಯ ಯಾವ ಮಟ್ಟಕ್ಕೆ ಇಳಿದರೆ ಮತ್ತೆ ಕೆಲಸ ಹುಡುಕಲು ಆರಂಭಿಸುತ್ತೀರಿ? ಕೆಲಸ ಸಿಗಲು ಕೆಲವು ತಿಂಗಳು ಬೇಕಾಗುವುದರಿಂದ ಆ ಮಟ್ಟ ಸೊನ್ನೆಯಾಗಿರಬಾರದು. ಸಂಖ್ಯೆಯನ್ನು ಬರೆದಿಡಿ. ಉದ್ಯಮದ ನಡುವೆ ಇದ್ದಾಗ ‘ಇನ್ನೊಂದು ಬಿಲ್ ಬರಲಿ’ ಎಂದು ಮನಸ್ಸು ಹೇಳುತ್ತಲೇ ಇರುತ್ತದೆ.

ಕರಾರುಪತ್ರ (ಉತ್ತರ)

ಆ ಗುತ್ತಿಗೆಯ ಕರಡು ಕೈಗೆ ಬಂದಾಗ ದರದ ಪುಟಕ್ಕಿಂತ ಮೊದಲು ದಂಡದ ಕಲಮನ್ನು ಓದಿ. ಕಂಪ್ರೆಸರ್ ನಿಂತು ಉತ್ಪಾದನೆ ನಿಂತರೆ ಆ ನಷ್ಟಕ್ಕೆ ಸೇವಾದಾರರೇ ಹೊಣೆ ಎಂಬ ಅರ್ಥದ ಸಾಲು ಎಲ್ಲಾದರೂ ಇದ್ದರೆ ಅದನ್ನು ತೆಗೆಸಿ, ಅಥವಾ ಹೊಣೆಯನ್ನು ಗುತ್ತಿಗೆಯ ಮೊತ್ತಕ್ಕೆ ಮಿತಿಗೊಳಿಸಲು ಕೇಳಿ. ಒಂದು ಪಾಳಿಯ ಉತ್ಪಾದನೆಯ ಬೆಲೆ ನಿಮ್ಮ ಇಡೀ ವರ್ಷದ ಶುಲ್ಕಕ್ಕಿಂತ ಹೆಚ್ಚಿರಬಹುದು. ವೃತ್ತಿ ಹೊಣೆಗಾರಿಕೆಯ ವಿಮೆಗೂ ವಿಚಾರಿಸಿ. ನೀವು ಒಬ್ಬರೇ ಇರುವವರೆಗೆ, ಜ್ವರ ಬಂದು ಮಲಗಿದ ದಿನ ಕರೆ ಬಂದರೆ ಯಾರು ಹೋಗುತ್ತಾರೆ ಎಂಬುದಕ್ಕೂ ಕರಡಿನಲ್ಲಿ ಉತ್ತರವಿರಬೇಕು. ನಂಬಿಕೆಯ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಬದಲಿಯಾಗಿ ಕಳುಹಿಸಲು ಅನುಮತಿ ಇದೆ ಎಂದು ಬರೆಸಿಕೊಳ್ಳಿ, ಮತ್ತು ಆ ಮೆಕ್ಯಾನಿಕ್‌ನ ಜೊತೆ ಸಹಿಗೆ ಮೊದಲೇ ಮಾತಾಡಿಕೊಳ್ಳಿ.