ಸಂತೆ ಮೈದಾನದ ನಕ್ಷೆಗೆ ಆಕ್ಷೇಪಣೆ ಬರೆಯೋದು ಹೇಗೆ?

ಪೇಟೆಬೀದಿ ಪುಸ್ತಕದಂಗಡಿ:
ಹಳೇ ಬಸ್‌ಸ್ಟ್ಯಾಂಡ್ ಎದುರು ಅಪ್ಪ ಇಟ್ಟ ನೋಟ್‌ಬುಕ್ಕಿನ ಅಂಗಡಿಯನ್ನು ಈಗ ನಾನು ನಡೆಸ್ತಿದೀನಿ. ನಮ್ಮೂರಿನ ಕರಡು ಮಾಸ್ಟರ್ ಪ್ಲಾನ್, ಅಂದ್ರೆ ಮುಂದೆ ಯಾವ ಜಾಗ ಯಾವುದಕ್ಕೆ, ಯಾವ ರಸ್ತೆ ಎಷ್ಟು ಅಗಲ ಅನ್ನೋ ನಕ್ಷೆ, ಪ್ರಕಟವಾಗಿದೆ. ಆಕ್ಷೇಪಣೆಗೆ ಒಂದು ತಿಂಗಳು ಟೈಮ್, ಅದರಲ್ಲಿ ಹನ್ನೊಂದು ದಿನ ಆಗಲೇ ಹೋಯ್ತು. ಪೇಟೆಬೀದಿ 60 ಅಡಿ ಆಗುತ್ತಂತೆ. ಸೋಮವಾರದ ಸಂತೆ ಕೂರುವ ಮೈದಾನಕ್ಕೆ ವಾಣಿಜ್ಯ ಅಂತ ನೀಲಿ ಬಣ್ಣ ಹಚ್ಚಿದ್ದಾರೆ. ನಕ್ಷೆ ಕಚೇರಿಯ ಗೋಡೆ ಮೇಲಿದೆ, ಬರಹವೆಲ್ಲ ಇಂಗ್ಲಿಷು. ಅವರೆಕಾಯಿ ಮಾರುವ ಅಜ್ಜಿಗೆ ಅದನ್ನ ಹೇಗೆ ತಿಳಿಸಿ ಹೇಳಲಿ? ರಸ್ತೆ ಅಗಲ ಆಗೋದೇ ಬೇಡ ಅಂತಿಲ್ಲ ನಾನು. ಸ್ಕೂಲ್ ಬಿಡುವ ಹೊತ್ತಿಗೆ ಮಕ್ಕಳು ಬಸ್ಸಿನ ಚಕ್ರ ಸವರಿಕೊಂಡೇ ನಡೀತಾರೆ, ನೋಡೋಕೆ ಎದೆ ಝಲ್ಲೆನ್ನುತ್ತೆ. ಆದರೆ ದಿನಾ ಅಲ್ಲಿ ನಡೆಯೋರನ್ನ, ಕೂರೋರನ್ನ ಒಂದು ಮಾತು ಕೇಳಬೇಕಿತ್ತು. ಲೆಕ್ಕಕ್ಕೆ ಬರುವ ಹಾಗೆ ಆಕ್ಷೇಪಣೆ ಬರೆಯೋದು ಹೇಗೆ, ಗೊತ್ತಿದ್ದೋರು ಹೇಳಿ.

ನಿವೃತ್ತ ನಕ್ಷೆಗಾರ:
ಇಂಥ ಅರ್ಜಿಗಳನ್ನ ಕೆಲಸದಲ್ಲಿದ್ದಾಗ ರಾಶಿಗಟ್ಟಲೆ ಓದಿದೀನಮ್ಮ. "ಯೋಜನೆಯನ್ನು ವಿರೋಧಿಸುತ್ತೇವೆ" ಅಂತ ಒಂದೇ ಒಕ್ಕಣೆಗೆ ಇನ್ನೂರು ಸಹಿ ಹಾಕಿಸಿ ಕೊಟ್ಟರೆ ಅದು ಒಂದೇ ಅರ್ಜಿ. ಸರ್ವೆ ನಂಬರ್, ರಸ್ತೆ ಹೆಸರು, ಏನು ಬದಲಾಗಬೇಕು, ಯಾಕೆ ಅನ್ನೋದನ್ನ ಕನ್ನಡದಲ್ಲೇ ಬರೆದು ಒಬ್ಬೊಬ್ಬರೂ ಬೇರೆ ಬೇರೆ ಕೊಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಪ್ರಕರಣ ಹೇಳೋದು ಲಿಖಿತ ಅಭಿಪ್ರಾಯದ ಬಗ್ಗೆ. ಬಾಯಿಮಾತು ಕಡತ ಸೇರಲ್ಲ. ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸ್ಕೊಳ್ಳದೆ ಹೊರಗೆ ಬರಬೇಡಿ.
ಅಜ್ಜಿಗೆ ನಕ್ಷೆ ಓದಿಸೋಕೆ ಹೋಗಬೇಡಿ. ಸುಣ್ಣದ ಪುಡಿ ತಗೊಂಡು, ರಸ್ತೆ ನಡುವಿನಿಂದ ಎರಡೂ ಕಡೆ 30 ಅಡಿ ಟೇಪಿನಲ್ಲಿ ಅಳೆದು ಗೆರೆ ಎಳೀರಿ. ಯಾರ ಜಗಲಿ, ಯಾವ ಮರ ಒಳಗೆ ಬಿತ್ತು ಅನ್ನೋದು ಕಣ್ಣಿಗೇ ಕಾಣುತ್ತೆ.

ಹೂವಿನವಳ ಮಗ:
ಅಕ್ಕಾ, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನೂ ಹಿಡ್ಕೊಳ್ಳಿ. ಬೀದಿ ವ್ಯಾಪಾರದ ವಿಷಯ ನೋಡ್ಕೊಳ್ಳೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಿಮ್ಮೂರಲ್ಲಿ ಆ ಸಮಿತಿ ಸಭೆ ಸೇರಿದೆಯಾ ಕೇಳಿ. 50 ವರ್ಷಕ್ಕಿಂತ ಹಳೇ ಮಾರುಕಟ್ಟೆಯನ್ನ ಪಾರಂಪರಿಕ ಅಂತ ಘೋಷಿಸಬೇಕು, ಅಲ್ಲಿನೋರನ್ನ ಎಬ್ಬಿಸಬಾರದು ಅಂತಲೂ ಅದರಲ್ಲಿದೆ. ಸಂತೆ ಎಷ್ಟು ಹಳೇದು ಅಂತ ತೋರಿಸೋಕೆ ಹಳೇ ಸುಂಕದ ರಸೀದಿ ಹುಡುಕ್ಸಿ. ನಮ್ಮಮ್ಮನ ಟ್ರಂಕಿನಲ್ಲಿ ಒಂದು ಕಟ್ಟೇ ಸಿಕ್ಕಿತ್ತು.

ಪೇಟೆಬೀದಿ ಪುಸ್ತಕದಂಗಡಿ:
ಸೋಮವಾರ ಬೆಳಗ್ಗೆ ಆರಕ್ಕೇ ಸುಣ್ಣ ಹಾಕಿದ್ವಿ. ಅರಳಿಕಟ್ಟೆ ಪೂರ್ತಿ ಗೆರೆಯೊಳಗೆ ಹೋಯ್ತು. ಜನ ಗುಂಪುಗೂಡಿ ನೋಡಿದ್ರು, ಜೋರು ಜೋರಾಗಿ ವಾದ ಮಾಡಿದ್ರು. ಬಟ್ಟೆ ಅಂಗಡಿಯೋರು ರಸ್ತೆ ಅಗಲ ಆಗಲೇಬೇಕು ಅಂದ್ರು. ಅವರ ಮಾತನ್ನೂ ಹಾಗೇ ಬರೆದುಕೊಟ್ಟೆ, ಅವರೂ ಇದೇ ಬೀದಿಯೋರು ತಾನೇ. ನನ್ನ ತಲೇಲಿ ಇದ್ದದ್ದೆಲ್ಲ ಮೈದಾನದ ಚಿಂತೆ. ಅಜ್ಜಿ ಕೇಳಿದ್ದು ಬೇರೆ: "ಹಳ್ಳಿಯಿಂದ ಬಂದ ಹೆಂಗಸ್ರು ಒಂದಕ್ಕೆ ಎಲ್ಲಿಗ್ ಹೋಗ್ಬೇಕವ್ವ? ಅದೈತಾ ಇದ್ರಾಗೆ?" ಇಷ್ಟು ವರ್ಷ ಎದುರುಗಡೆ ಕೂತ ನನಗೇ ಅದು ಹೊಳೆದಿರಲಿಲ್ಲ. ಶೌಚಾಲಯಕ್ಕೆ ಜಾಗ ಮೀಸಲಿಡಿ ಅನ್ನೋದೇ ಈಗ ಮೊದಲನೇ ಅರ್ಜಿ.
ಒಟ್ಟು 37 ಆಗಿವೆ, ಗುರುವಾರ ಕೊಡ್ತೀವಿ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಸರ್, ಅದಕ್ಕೆ ಸಾಕ್ಷಿ ಸಹಿ ಬೇಕಾ?

ನಿವೃತ್ತ ನಕ್ಷೆಗಾರ:
ಓದಿ ಹೇಳಿದೋರ ಹೆಸರು, ಸಹಿ ಕೆಳಗಿರಲಿ. ಸುಣ್ಣದ ಗೆರೆಯ ಫೋಟೋನೂ ಜೊತೆಗೆ ಲಗತ್ತಿಸಿ ಅಮ್ಮ.