ಹೆಲ್ತ್ ಇನ್ಸ್‌ಪೆಕ್ಟರ್ ಆಗಬೇಕು ಅಂತಿದ್ದೇನೆ: ಯಾವ ಕೋರ್ಸ್, ಎಲ್ಲಿ ನೋಂದಣಿ?

ಕಡೂರು ಹುಡುಗ

ಎಲ್ಲರಿಗೂ ನಮಸ್ಕಾರ. ಪಿಯುಸಿ ಸೈನ್ಸ್ ಮುಗಿಸಿ ಒಂದು ವರ್ಷ ಆಯಿತು. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಏಳೆಂಟು ಜನಕ್ಕೆ ವಾಂತಿಭೇದಿ ಶುರುವಾಯಿತು. ಆಗ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬರು ಬಂದರು. ಯಾರ ಮನೆಯಲ್ಲಿ ಯಾವತ್ತು ಶುರುವಾಯಿತು ಅಂತ ಕೇಳಿ ಬರೆದುಕೊಂಡು, ನಲ್ಲಿ ನೀರು ಹಿಡಿದು ನೋಡಿ, ಪೈಪಿನ ಜಾಡು ಹಿಡಿದು ಹೋಗಿ, ಅದು ಒಡೆದಿರೋದು ಚರಂಡಿ ಒಳಗೇ ಅಂತ ತೋರಿಸಿದರು. ಡಾಕ್ಟರ್ ಮಾತ್ರೆ ಕೊಟ್ಟು ನಮ್ಮನ್ನ ವಾಸಿ ಮಾಡಿದರು, ಸರಿ. ಆದರೆ ಕಾಯಿಲೆ ನಿಲ್ಲಿಸಿದ್ದು ಇವರೇ. ಅವತ್ತಿಂದ ಈ ಕೆಲಸವೇ ಮಾಡಬೇಕು ಅಂತ ಮನಸ್ಸಿಗೆ ಬಂದಿದೆ.

ಈಗ ಗೊಂದಲ. ಇಲ್ಲಿನ ಒಂದು ಖಾಸಗಿ ಸಂಸ್ಥೆಯವರು ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಸಾಕು, ಸರ್ಕಾರಿ ಕೆಲಸ ಗ್ಯಾರಂಟಿ ಅಂತಾರೆ. ಸ್ನೇಹಿತರು ಡಿಎಚ್‌ಐ (ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ) ಮಾಡು ಅಂತಾರೆ. ಅಪ್ಪ ಬಿಎಸ್ಸಿ ಮಾಡು ಅಂತಾರೆ. ಕೆನಡಾದಲ್ಲಿರೋ ಅತ್ತೆ ಮಗ ಅಲ್ಲಿ ಈ ಕೆಲಸಕ್ಕೆ ಬೆಲೆ ಇದೆ ಅಂತಾನೆ. ನೋಂದಣಿ ಅಂದರೆ ಏನು, ಅದು ಬೇಕೇಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಪುರಸಭೆ ಅಣ್ಣ

ತಮ್ಮಾ, ಮೊದಲು ಆ ಒಂದು ವರ್ಷದವರಿಗೆ ಒಂದು ರೂಪಾಯಿನೂ ಕಟ್ಟಬೇಡ. ನಾನು 19 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ.

ಜನ ಎಲ್ಲರನ್ನೂ ‘ಇನ್ಸ್‌ಪೆಕ್ಟರ್’ ಅಂತಾರೆ, ಆದರೆ ದಾರಿ ಬೇರೆ ಬೇರೆ. ನಿಮ್ಮ ಬೀದಿಗೆ ಬಂದವರು ಆರೋಗ್ಯ ಇಲಾಖೆಯವರು. ಮೊದಲು ಕಿರಿಯ ಆರೋಗ್ಯ ಸಹಾಯಕ ಅಂತಿದ್ದ ಹುದ್ದೆಗೆ ಈಗ ಆರೋಗ್ಯ ನಿರೀಕ್ಷಣಾಧಿಕಾರಿ ಅಂತ ಹೆಸರು. ನಾನು ಸ್ಥಳೀಯ ಸಂಸ್ಥೆಯವನು. ಬೆಳಗ್ಗೆ ಆರಕ್ಕೆ ಪೌರಕಾರ್ಮಿಕರ ಹಾಜರಿಯಿಂದ ನನ್ನ ದಿನ ಶುರು, ಆಮೇಲೆ ಕಸ, ಚರಂಡಿ, ಮಾಂಸದ ಅಂಗಡಿ, ಹೋಟೆಲಿನ ಉದ್ದಿಮೆ ಪರವಾನಗಿ, ಪ್ಲಾಸ್ಟಿಕ್ ದಾಳಿ. ಈ ಎರಡೂ ಕೆಲಸಕ್ಕೆ ಬೇಕಾದ್ದು ಡಿಪ್ಲೊಮಾ ಇನ್ ಹೆಲ್ತ್ ಇನ್ಸ್‌ಪೆಕ್ಟರ್, ಅದೇ ಡಿಎಚ್‌ಐ. ಇದನ್ನ ನಡೆಸೋದು ಕರ್ನಾಟಕ ಅರೆವೈದ್ಯಕೀಯ ಮಂಡಳಿ, ನಾವೆಲ್ಲ ಪ್ಯಾರಾ ಮೆಡಿಕಲ್ ಬೋರ್ಡ್ ಅಂತೀವಿ. ಎಸ್ಸೆಸ್ಸೆಲ್ಸಿ ಆದವರಿಗೆ 3 ವರ್ಷ, ನಿನ್ನ ಹಾಗೆ ಪಿಯುಸಿ ಸೈನ್ಸ್ ಆದವರಿಗೆ 2 ವರ್ಷ. ಪಾಸಾದ ಮೇಲೆ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಅರ್ಜಿ ಕರೆದಾಗ ನೋಡೋದು ಆ ಕಾಗದವನ್ನೇ.

ಇನ್ನು ಆಹಾರ ಸುರಕ್ಷತಾ ಅಧಿಕಾರಿ ಅಂತ ಇದ್ದಾರಲ್ಲ, ಅದು ಪೂರ್ತಿ ಬೇರೆ. ಅದನ್ನ ಗೊತ್ತಿರೋರೇ ಹೇಳಲಿ.

ಸುಮಾ ಹಾಸನ

ಪುರಸಭೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನನ್ನ ತಮ್ಮನ ಕಥೆ ಹೇಳುತ್ತೇನೆ, ಬೇರೆಯವರಿಗೆ ಹೀಗೆ ಆಗಬಾರದು ಅಂತ. ಅವನು ಇಂಥದ್ದೇ ಒಂದು ಸಂಸ್ಥೆಯಲ್ಲಿ ಒಂದು ವರ್ಷ ಓದಿದ. ಅಮ್ಮ ಬಳೆ ಅಡವಿಟ್ಟು ಫೀಸು ಕಟ್ಟಿದ್ದರು. ಸರ್ಟಿಫಿಕೇಟಿನಲ್ಲಿ ಬಂಗಾರದ ಬಣ್ಣದ ಸೀಲು, ದೊಡ್ಡ ದೊಡ್ಡ ಅಕ್ಷರ. ದಾಖಲೆ ಪರಿಶೀಲನೆ ದಿನ ಕೌಂಟರಿನಲ್ಲಿದ್ದವರು ಅದನ್ನ ತಿರುಗಿಸಿ ನೋಡಿ, ಮಂಡಳಿಯದ್ದು ಎಲ್ಲಿ ಅಂತ ಕೇಳಿದರು, ಇಲ್ಲ ಅಂದಾಗ ಹಾಗೇ ವಾಪಸ್ ಕೊಟ್ಟರು. ಅಷ್ಟೇ. ಎರಡು ನಿಮಿಷ.

ಸೇರೋ ಮುಂಚೆ ಆ ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯಾ, ಅದೂ ಡಿಎಚ್‌ಐ ಕೋರ್ಸಿಗೇ ಇದೆಯಾ ಅಂತ ಮಂಡಳಿಯಲ್ಲೇ ವಿಚಾರಿಸಿ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅನುಮತಿ ಇಟ್ಟುಕೊಂಡು ಬೇರೆ ಕೋರ್ಸಿಗೂ ಹುಡುಗರನ್ನ ಸೇರಿಸಿಕೊಂಡಿದ್ದನ್ನ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಅಂತ ಕೇಂದ್ರದ್ದು ಬಂದಿದೆ. ದೇಶಕ್ಕೆ ಒಂದು ಆಯೋಗ, ರಾಜ್ಯಕ್ಕೊಂದು ಕೌನ್ಸಿಲ್, ಎಲ್ಲರ ಹೆಸರೂ ಒಂದು ರಿಜಿಸ್ಟರಿನಲ್ಲಿ ಇರಬೇಕು ಅನ್ನೋದು ಅದರ ಉದ್ದೇಶ. ಅದರ ಪ್ರಕಾರ ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳೋಕೆ ಓದು ಕಡಿಮೆ ಅಂದರೂ 2000 ಗಂಟೆ ಇರಬೇಕು, ಅದೂ 2ರಿಂದ 4 ವರ್ಷದಲ್ಲಿ. ಒಂದು ವರ್ಷದ ಕೋರ್ಸು ಅಲ್ಲೇ ಬಿದ್ದುಹೋಯಿತು ಅಲ್ವಾ? ಆ ಕಾಯ್ದೆಯ ಪಟ್ಟಿಯಲ್ಲಿ ಪರಿಸರ ರಕ್ಷಣಾಧಿಕಾರಿ, ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತಾ ಅಧಿಕಾರಿ ಅನ್ನೋ ಹೆಸರುಗಳೂ ಇವೆ. ಹಾಗಾಗಿ ಸೇರುವಾಗಲೇ, ಈ ಕೋರ್ಸು ಮುಗಿದರೆ ಯಾವ ಹೆಸರಿನಲ್ಲಿ ನೋಂದಣಿ ಆಗುತ್ತೆ ಅಂತ ಕೇಳಿ, ಬರವಣಿಗೆಯಲ್ಲೇ ಉತ್ತರ ತಗೊಳ್ಳಿ.

ಸ್ಯಾಂಪಲ್ ಬಾಟಲಿ

ಆಹಾರದ ಕಡೆಯವನು ನಾನು. ಹಳೇ ಕಾಲದಲ್ಲಿ, ಅಂದರೆ 1954ರ ಕಲಬೆರಕೆ ತಡೆ ಕಾಯ್ದೆ ಇದ್ದಾಗ, ಫುಡ್ ಇನ್ಸ್‌ಪೆಕ್ಟರ್ ಅಂತಿದ್ದರು. ಆಗಿನ ಹೆಲ್ತ್ ಇನ್ಸ್‌ಪೆಕ್ಟರುಗಳಲ್ಲಿ ಎಷ್ಟೋ ಜನ ಆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು, ಅದಕ್ಕೇ ಜನಕ್ಕೆ ಇವತ್ತಿಗೂ ಎರಡೂ ಒಂದೇ ಅನ್ನಿಸೋದು. 2006ರ ಆಹಾರ ಸುರಕ್ಷತಾ ಕಾಯ್ದೆ 2011ರ ಆಗಸ್ಟ್ 5ರಿಂದ ಪೂರ್ತಿ ಜಾರಿಗೆ ಬಂತು. ಈಗ ಡಿಪ್ಲೊಮಾ ನಡೆಯಲ್ಲ, ಡಿಗ್ರಿ ಬೇಕು: ಫುಡ್ ಟೆಕ್ನಾಲಜಿ, ಡೇರಿ, ಬಯೋಟೆಕ್, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಕೃಷಿ, ಪಶುವೈದ್ಯ ಇಂಥವು. ಕೆಮಿಸ್ಟ್ರಿ ಆದರೆ ಎಂಎಸ್ಸಿ ಇರಬೇಕು. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೇಳಿದ ತರಬೇತಿ ಮುಗಿಸಿರಬೇಕು.

ಆ ತರಬೇತಿಯನ್ನ ಸುಮ್ನೆ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ಸ್ಯಾಂಪಲ್ ತೆಗೆದರೆ ನಾಲ್ಕು ಭಾಗ ಮಾಡಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ನಮ್ಮ ಮೇಲಿನ ಅಂಕಿತ ಅಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್), ಅಂಗಡಿಯವರು ಕೇಳಿದರೆ ಇನ್ನೊಂದು ಮಾನ್ಯತೆ ಇರೋ ಲ್ಯಾಬಿಗೆ. ಪ್ರತಿಯೊಂದಕ್ಕೂ ಮೊಹರು, ಸಹಿ, ಸಾಕ್ಷಿ. ವರದಿ 14 ದಿನದಲ್ಲಿ ಬರಬೇಕು. ಅರಗು ಒಂದು ಕಡೆ ಸರಿಯಾಗಿ ಕೂರಲಿಲ್ಲ ಅಂದರೆ ಆ ಕೇಸು ನ್ಯಾಯಾಲಯದಲ್ಲಿ ನಿಲ್ಲಲ್ಲ, ಆ ಕಲಬೆರಕೆ ಎಣ್ಣೆ ಮತ್ತೆ ಅದೇ ಅಂಗಡಿಯಲ್ಲಿ ಮಾರಾಟ ಆಗುತ್ತೆ. ನಿಮಗೆ ಇದೇ ಇಷ್ಟ ಇದ್ದರೆ ಅಪ್ಪನ ಮಾತು ಕೇಳಿ, ಮೈಕ್ರೋಬಯಾಲಜಿ ಇರೋ ಬಿಎಸ್ಸಿ ಹಿಡಿಯಿರಿ.

ಎಡ್ಮಂಟನ್ ಕನ್ನಡಿಗ

ಕೆನಡಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್ ಅಂತಾರೆ. ಸಿಪಿಎಚ್‌ಐ(ಸಿ) ಅನ್ನೋ ಪ್ರಮಾಣಪತ್ರ ಬೇಕು. ಅದಕ್ಕೆ ಮಾನ್ಯತೆ ಇರೋ ಡಿಗ್ರಿ, ಆಮೇಲೆ ಒಬ್ಬ ಇನ್ಸ್‌ಪೆಕ್ಟರ್ ಕೈಕೆಳಗೆ ಕನಿಷ್ಠ 12 ವಾರ ಫೀಲ್ಡ್ ತರಬೇತಿ, ಅದರ ಮೇಲೆ ಇಲ್ಲಿನ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ. ಸೈನ್ಸ್ ಡಿಗ್ರಿ ಇದ್ದವರಿಗೆ ಟೊರಾಂಟೊ ಮೆಟ್ರೊಪಾಲಿಟನ್ ಯೂನಿವರ್ಸಿಟಿ, ಎಡ್ಮಂಟನ್ನಿನ ಕಾಂಕಾರ್ಡಿಯಾದಲ್ಲಿ 2 ವರ್ಷದ ಕೋರ್ಸುಗಳಿವೆ. ಬರೀ ಡಿಎಚ್‌ಐ ಇಟ್ಟುಕೊಂಡು ಬಂದರೆ ಆಗಲ್ಲ. ಆದರೆ ಊರಲ್ಲಿ ಕೆಲಸ ಮಾಡಿದ ಅನುಭವ ಮಾತ್ರ ವ್ಯರ್ಥ ಆಗಲ್ಲ ತಮ್ಮಾ, ನೀರು ಎಲ್ಲಿ ಕೆಡುತ್ತೆ ಅನ್ನೋ ಲೆಕ್ಕ ಎಲ್ಲಾ ದೇಶದಲ್ಲೂ ಒಂದೇ.

ಕಡೂರು ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಮಾ ಅಕ್ಕ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ನಾನು ಇದೇ ವಾರ ಫೀಸು ಕಟ್ಟೋನಿದ್ದೆ. ಡಿಎಚ್‌ಐ ಅಂತಲೇ ನಿರ್ಧಾರ ಮಾಡಿದ್ದೇನೆ. ಪುರಸಭೆ ಅಣ್ಣ, ಕೋರ್ಸಿನಲ್ಲಿ ಕೈಯಾರೆ ಏನು ಕಲಿಯಬೇಕು, ಯಾವುದನ್ನ ಬಿಡಬಾರದು?

ಪುರಸಭೆ ಅಣ್ಣ

ಒಳ್ಳೇ ಪ್ರಶ್ನೆ. ಹಾರಾಕ್ಸ್ ಪರೀಕ್ಷೆ ಕಲಿ, ಅಂದರೆ ನೀರು ಶುದ್ಧ ಮಾಡೋಕೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ಕಂಡುಹಿಡಿಯೋದು. ಎಷ್ಟೋ ಹುಡುಗರು ಪುಸ್ತಕದಲ್ಲಿ ಓದಿ ಚಿತ್ರ ಬರೆದು ಪಾಸಾಗಿ ಬರುತ್ತಾರೆ, ಕೈಗೆ ಪೆಟ್ಟಿಗೆ ಕೊಟ್ಟರೆ ನಿಂತುಬಿಡುತ್ತಾರೆ.

ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು ಇರುತ್ತೆ. ಚಮಚದಲ್ಲಿ ಮಟ್ಟವಾಗಿ 2 ಗ್ರಾಂ ಬ್ಲೀಚಿಂಗ್ ಪೌಡರ್ ತಗೊಂಡು ಕಪ್ಪು ಬಟ್ಟಲಲ್ಲಿ ಗಂಟಿಲ್ಲದ ಹಾಗೆ ಕಲಸಿ, ಗೆರೆವರೆಗೆ ನೀರು ತುಂಬಬೇಕು. ಬಿಳಿ ಬಟ್ಟಲುಗಳಿಗೆ ಪರೀಕ್ಷೆ ಮಾಡಬೇಕಾದ ನೀರು ಹಾಕಿ, ಕಪ್ಪು ಬಟ್ಟಲಿನ ತಿಳಿಯನ್ನ ಮೊದಲನೇದಕ್ಕೆ ಒಂದು ಹನಿ, ಎರಡನೇದಕ್ಕೆ ಎರಡು, ಹೀಗೆ ಆರರವರೆಗೆ ಬಿಡಬೇಕು. ಕಲಕಿ ಅರ್ಧ ಗಂಟೆ ಕಾಯಬೇಕು. ಇಲ್ಲೇ ಎಲ್ಲರೂ ಅವಸರ ಮಾಡೋದು. ಆಮೇಲೆ ಒಂದೊಂದಕ್ಕೂ ಮೂರು ಹನಿ ಸೂಚಕ, ಅಂದರೆ ಕ್ಲೋರಿನ್ ಉಳಿದಿದ್ದರೆ ನೀಲಿಯಾಗೋ ದ್ರಾವಣ. ಮೊದಲು ನೀಲಿ ಬಂದ ಬಟ್ಟಲು ಯಾವುದು ಅಂತ ನೋಡು. ಮೂರನೇದು ಅಂದರೆ 455 ಲೀಟರಿಗೆ ಮೂರು ಚಮಚ, 6 ಗ್ರಾಂ. 5000 ಲೀಟರ್ ಟ್ಯಾಂಕಿಗೆ ಸುಮಾರು 66 ಗ್ರಾಂ.

ನಮ್ಮಲ್ಲಿ ಹಳೇ ಸ್ಟಾಕು ಪೌಡರ್ ಚೀಲದ ಬಾಯಿ ಬಿಟ್ಟೇ ಇಟ್ಟಿರುತ್ತಾರೆ, ಅದರ ಶಕ್ತಿ ಹೋಗಿರುತ್ತೆ. ನೀರಗಂಟಿ ಯಾವಾಗಿನ ಹಾಗೆ ಒಂದು ಹಿಡಿ ಹಾಕುತ್ತಾನೆ, ನಲ್ಲಿ ಕೊನೆಯಲ್ಲಿ ಕ್ಲೋರಿನ್ ಇರೋದೇ ಇಲ್ಲ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಅವನನ್ನ ಬೈಯಬೇಡ. ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ನೀಲಿ ಬಣ್ಣ ತೋರಿಸು, ಮಾರನೇ ದಿನದಿಂದ ಅವನೇ ಅಳತೆ ಮಾಡಿ ಹಾಕುತ್ತಾನೆ. ನಾನು ಮೂರು ಊರಲ್ಲಿ ಹೀಗೇ ಮಾಡಿಸಿದ್ದೇನೆ.

ಫೀಲ್ಡ್ ಪೋಸ್ಟಿಂಗ್ ಸಿಕ್ಕಾಗ ಆಫೀಸಿನಲ್ಲಿ ರಿಜಿಸ್ಟರ್ ಬರೆಯೋಕೆ ಕೂರಿಸುತ್ತಾರೆ. ಬರೆದು ಕೊಡು, ಆದರೆ ಮಧ್ಯಾಹ್ನದ ಮೇಲೆ ಆಶಾ ಕಾರ್ಯಕರ್ತೆಯರ ಜೊತೆ ಸೊಳ್ಳೆ ಮರಿಗಳ (ಲಾರ್ವಾ) ಸಮೀಕ್ಷೆಗೆ ಹೋಗು. ತೊಟ್ಟಿಗೆ ಟಾರ್ಚ್ ಬಿಟ್ಟು ನೋಡೋದು, ಫ್ರಿಜ್ ಹಿಂದಿನ ಟ್ರೇ ಎಳೆಯೋದು ಅವರಿಂದಲೇ ಕಲಿಯಬೇಕು.

ಅರ್ಜಿ ಹಾಕೋ ಮುಂಚೆ ಕಾಲೇಜಿನ ಹೆಸರು ನನಗೆ ಮೆಸೇಜ್ ಮಾಡು. ನಾನೂ ಒಂದು ಸಲ ವಿಚಾರಿಸಿ ಹೇಳುತ್ತೇನೆ.